ಎರಡು ನಿಮಿಷ ನಾಲ್ಕು ಸೆಕೆಂಡು

ನಾನು ಪಾಠ ಮಾಡಿದ ಯಾವ ಚರಿತ್ರೆ ಪುಸ್ತಕದಲ್ಲೂ ಜೋ ಲೂಯಿಸ್ ಎಂಬ ಹೆಸರಿರಲಿಲ್ಲ. ಆದರೂ ಹೈಸ್ಕೂಲಿನಲ್ಲಿ ಹಿಟ್ಲರನ ಪಾಠ ಬಂದಾಗಲೆಲ್ಲ ಆ ಹೆಸರನ್ನು ನಾನಾಗಿಯೇ ಎಳೆದು ತರುತ್ತೇನೆ. ಬರ್ಲಿನ್ ಒಲಿಂಪಿಕ್ಸಿನಲ್ಲಿ ಓಡಿದ ಜೆಸ್ಸಿ ಓವೆನ್ಸ್ ಕಥೆ ಒಂದಿಬ್ಬರು ಮಕ್ಕಳಿಗಾದರೂ ಗೊತ್ತಿರುತ್ತದೆ. ಲೂಯಿಸನದು ಗೊತ್ತಿರುವುದಿಲ್ಲ. ಗುದ್ದಾಟದ ಕಥೆ ಹೆಂಗಸರಿಗೇಕೆ ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರೂ ಉಂಟು. ಮುಷ್ಟಿಯುದ್ಧದ ಪಟ್ಟುಗಳು ನನಗೆ ತಿಳಿಯವು, ನಿಜ. ನನ್ನ ಕುತೂಹಲ ಬೇರೆ. ದೇಶವೊಂದು ತನ್ನ ಮಾನವನ್ನೆಲ್ಲ ಒಬ್ಬನ ಎರಡು ಮುಷ್ಟಿಗಳ ಮೇಲೆ ಹೊರಿಸಿತಲ್ಲ, ಕೆಲಸ ಮುಗಿದ ಮೇಲೆ ಆ ಮನುಷ್ಯನನ್ನು ಹೇಗೆ ನಡೆಸಿಕೊಂಡಿತು?

ಲೂಯಿಸ್ ಹುಟ್ಟಿದ್ದು 1914ರಲ್ಲಿ, ಅಮೆರಿಕದ ಅಲಬಾಮಾ ಪ್ರಾಂತದಲ್ಲಿ, ಪಾಲಿಗೆ ಹೊಲ ಮಾಡುವ ಕಪ್ಪು ಜನರ ಮನೆಯಲ್ಲಿ. ತಂದೆ ತಾಯಿ ಇಬ್ಬರೂ ಗುಲಾಮರಾಗಿದ್ದವರ ಮಕ್ಕಳು. ತಂದೆ ಹುಚ್ಚಾಸ್ಪತ್ರೆ ಸೇರಿದಾಗ ಮಗು ಇನ್ನೂ ಚಿಕ್ಕದು. 1926ರಲ್ಲಿ ಸಂಸಾರ ಡೆಟ್ರಾಯಿಟ್‌ಗೆ ಬಂತು. ಮಗ ಪಿಟೀಲು ಕಲಿಯಲಿ ಎಂದು ತಾಯಿ ಕೊಟ್ಟ ದುಡ್ಡು ಬಾಕ್ಸಿಂಗ್ ಗರಡಿಗೆ ಹೋಯಿತು. ತಾಯಂದಿರ ದುಡ್ಡು ಎಷ್ಟೋ ಸಲ ಹೀಗೆಯೇ ದಾರಿ ತಪ್ಪುತ್ತದೆ, ಬಿಡಿ.

ಆತನನ್ನು ಬೆಳೆಸಿದ ಮ್ಯಾನೇಜರುಗಳೂ ಕಪ್ಪು ಜನರೇ. ಅವರು ಕಲಿಸಿದ್ದು ಏಟು ಹೊಡೆಯುವುದಕ್ಕಿಂತ ಹೆಚ್ಚಾಗಿ ಅಡಗಿಸಿಕೊಳ್ಳುವುದನ್ನು. 1908ರಿಂದ 1915ರವರೆಗೆ ಹೆವಿವೇಯ್ಟ್ ಚಾಂಪಿಯನ್ ಆಗಿದ್ದ ಜಾಕ್ ಜಾನ್ಸನ್ ಗೆದ್ದಾಗ ನಗುತ್ತಿದ್ದ, ಬಿಳಿಯ ಹೆಂಗಸರನ್ನು ಮದುವೆಯಾಗಿದ್ದ. ಆ ಸಿಟ್ಟಿಗೆ ಮುಂದೆ ಎರಡು ದಶಕ ಯಾವ ಕಪ್ಪು ಮನುಷ್ಯನಿಗೂ ಆ ಪಟ್ಟಕ್ಕೆ ಸ್ಪರ್ಧಿಸಲು ಅವಕಾಶ ಸಿಗಲಿಲ್ಲ. ಆದ್ದರಿಂದ ಲೂಯಿಸನಿಗೆ ಕಟ್ಟುಪಾಡು: ಬಿದ್ದ ಎದುರಾಳಿಯ ಮುಂದೆ ಬೀಗಬಾರದು, ಬಿಳಿಯ ಹೆಂಗಸಿನ ಜೊತೆ ಫೋಟೋ ತೆಗೆಸಿಕೊಳ್ಳಬಾರದು. ಅಂದಿನ ಚಿತ್ರಗಳನ್ನು ನೋಡಿ, ಗೆದ್ದವನ ಮುಖದಲ್ಲಿ ಗೆಲುವೇ ಇಲ್ಲ. ಸೊಸೆಯಂದಿರಿಗೆ ಹಾಕುವಂಥ ಈ ಕಟ್ಟಳೆ ಆರಡಿಯ ಗಂಡಸಿಗೂ ಬಂದದ್ದನ್ನು ಓದಿದಾಗ ನನಗೆ ವಿಚಿತ್ರವಾದ ಸಂಕಟವಾಯಿತು.

1936ರ ಜೂನ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಹನ್ನೆರಡನೆಯ ಸುತ್ತಿನಲ್ಲಿ ಲೂಯಿಸನನ್ನು ಕೆಡವಿದ. ಎಡಗೈಯಿಂದ ಚುಚ್ಚಿದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಾನೆಂಬುದನ್ನು ಆತ ಮೊದಲೇ ಗಮನಿಸಿಟ್ಟುಕೊಂಡಿದ್ದ. ನಾಜಿಗಳು ಕುಣಿದಾಡಿದರು. ಮರುವರ್ಷ ಲೂಯಿಸ್ ಬ್ರಾಡಕ್‌ನನ್ನು ಸೋಲಿಸಿ ಚಾಂಪಿಯನ್ ಆದ. ಶ್ಮೆಲಿಂಗನ ಬಾಕಿ ಮಾತ್ರ ಉಳಿದಿತ್ತು.

1938ರ ಜೂನ್ 22, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಸೇರಿದವರು ಎಪ್ಪತ್ತು ಸಾವಿರ ಜನ. ರೇಡಿಯೋಗೆ ಕಿವಿಯಾನಿಸಿ ಕುಳಿತವರು ಕೋಟ್ಯಂತರ. ಎರಡು ನಿಮಿಷ ನಾಲ್ಕು ಸೆಕೆಂಡಿಗೆ ಎಲ್ಲ ಮುಗಿಯಿತು. ಆ ರಾತ್ರಿ ಬಿಳಿಯ ಅಮೆರಿಕ ಕಪ್ಪು ಮನುಷ್ಯನನ್ನು ನಮ್ಮವನು ಎಂದಿತು. ಅದೇ ಅಮೆರಿಕದ ದಕ್ಷಿಣದಲ್ಲಿ ಆತ ಬಿಳಿಯರ ಹೋಟೆಲಿನಲ್ಲಿ ಕುಳಿತು ಉಣ್ಣುವಂತಿರಲಿಲ್ಲ. ಶ್ಮೆಲಿಂಗನೂ ನಾಜಿ ಪಕ್ಷದ ಸದಸ್ಯನಲ್ಲ. ಅದೇ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಮೇಲೆ ದಾಳಿಗಳಾದಾಗ ಇಬ್ಬರು ಯಹೂದಿ ಹುಡುಗರನ್ನು ಆತ ತನ್ನ ಕೋಣೆಯಲ್ಲಿ ಬಚ್ಚಿಟ್ಟು ಕಾಪಾಡಿದ.

ಯುದ್ಧ ಬಂತು. 1942ರ ಜನವರಿಯಲ್ಲಿ ಲೂಯಿಸ್ ಒಂದು ಪಂದ್ಯವಾಡಿ ತನ್ನ ಪಾಲಿನ ಹಣವನ್ನು ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟ. ಆಗ ನೌಕಾಪಡೆಯಲ್ಲಿ ಕಪ್ಪು ಜನರಿಗೆ ಇದ್ದದ್ದು ಅಡುಗೆ, ಬಡಿಸುವ ಕೆಲಸ. ಮಾರ್ಚಿನಲ್ಲಿ ಇನ್ನೊಂದು ಪಂದ್ಯ, ಆ ಹಣ ಭೂಸೇನೆಯ ನಿಧಿಗೆ. ತಾನೂ ಸಿಪಾಯಿಯಾಗಿ ಸೇರಿ ಸೈನಿಕರ ಮುಂದೆ ಸುಮಾರು ನೂರು ಪ್ರದರ್ಶನ ಪಂದ್ಯಗಳನ್ನಾಡಿದ. ಬಡತನದ ಕಾಲದಲ್ಲಿ ತನ್ನ ಮನೆಯವರು ಡೆಟ್ರಾಯಿಟ್ ನಗರದಿಂದ ಪಡೆದಿದ್ದ ನೆರವಿನ ಹಣವನ್ನು ಅದಕ್ಕೆ ಮೊದಲೇ ಕೇಳದೆ ಹಿಂದಿರುಗಿಸಿದ್ದವನು ಈತ.

1949ರಲ್ಲಿ ಲೂಯಿಸ್ ನಿವೃತ್ತನಾದ. ಹನ್ನೊಂದು ವರ್ಷ ಎಂಟು ತಿಂಗಳು ಪಟ್ಟ, ಇಪ್ಪತ್ತೈದು ಬಾರಿ ಅದನ್ನು ಉಳಿಸಿಕೊಂಡದ್ದು. ಹೆವಿವೇಯ್ಟ್‌ನಲ್ಲಿ ಈ ದಾಖಲೆ ಇನ್ನೂ ಮುರಿದಿಲ್ಲ. ಮರುವರ್ಷ ತೆರಿಗೆ ಇಲಾಖೆಯ ಲೆಕ್ಕ ಬಂತು: ಐದು ಲಕ್ಷ ಡಾಲರಿಗೂ ಮಿಕ್ಕಿದ ಬಾಕಿ. ನಮ್ಮಂಥ ಸಂಬಳದವರಿಗೆ ತೆರಿಗೆ ಮುರಿದುಕೊಂಡೇ ಕೈಗೆ ಕೊಡುತ್ತಾರೆ. ಲೂಯಿಸನಿಗೆ ಬಂದದ್ದು ಇಡೀ ಗಂಟು. ಅದರಲ್ಲಿ ದೊಡ್ಡ ಪಾಲು ಮ್ಯಾನೇಜರುಗಳದು, ಉಳಿದದ್ದು ಕೇಳಿದವರಿಗೆಲ್ಲ. ಕೊಡುವ ಕೈಗೆ ಲೆಕ್ಕ ಬರಲಿಲ್ಲ. ಆತನದು ತಪ್ಪೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಬಡ್ಡಿ ಬೆಳೆದು ಬಾಕಿ ಹತ್ತು ಲಕ್ಷ ದಾಟಿತು. ಮೇಲಿನ ವರಮಾನಕ್ಕೆ ನೂರಕ್ಕೆ ತೊಂಬತ್ತು ತೆರಿಗೆ ಬೀಳುತ್ತಿದ್ದ ಕಾಲವದು. ದುಡಿದು ತೀರಿಸಲು ದಾರಿಯೆಲ್ಲಿ?

ದಾರಿಯಿಲ್ಲದೆ ಲೂಯಿಸ್ ಮತ್ತೆ ರಿಂಗಿಗೆ ಇಳಿದ. 1950ರಲ್ಲಿ ಎಜರ್ಡ್ ಚಾರ್ಲ್ಸ್ ಎದುರು ಸೋತ. 1951ರ ಅಕ್ಟೋಬರಿನಲ್ಲಿ ರಾಕಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಆತನನ್ನು ಹಗ್ಗದಾಚೆ ಕೆಡವಿದ. ಲೂಯಿಸನಿಗೆ ಆಗ ಮೂವತ್ತೇಳು. ತಲೆಯ ಮೇಲೆ ಕೂದಲು ತೆಳುವಾಗಿತ್ತು. ಮುಂದೆ ಹೊಟ್ಟೆಪಾಡಿಗೆ ಕಾಸು ಕೊಟ್ಟು ನೋಡುವ ಕುಸ್ತಿಗೂ ಇಳಿದ. 1960ರ ದಶಕದ ಮೊದಲಿಗೆ ಸರಕಾರ ಹಳೆಯ ಬಾಕಿ ಕೇಳುವುದನ್ನು ಬಿಟ್ಟು, ಅಂದಂದಿನ ವರಮಾನಕ್ಕಷ್ಟೇ ತೆರಿಗೆ ತೆಗೆದುಕೊಳ್ಳಲು ಒಪ್ಪಿತು. ಅಷ್ಟರಲ್ಲಿ ಮನುಷ್ಯ ಸವೆದಿದ್ದ. 1970ರಲ್ಲಿ ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂಬ ಭ್ರಮೆ ಹಿಡಿದು ಮಾನಸಿಕ ಚಿಕಿತ್ಸೆಗೆ ಸೇರಬೇಕಾಯಿತು. ತಂದೆಯ ಕಥೆ ನೆನಪಾಗುತ್ತದೆ.

ಕೊನೆಯ ವರ್ಷಗಳಲ್ಲಿ ಲಾಸ್ ವೇಗಾಸಿನ ಜೂಜಿನ ಹೋಟೆಲೊಂದರಲ್ಲಿ ಬಂದವರ ಕೈಕುಲುಕುವುದು ಲೂಯಿಸನ ನೌಕರಿ. ಅದನ್ನು ಅವಮಾನವೆಂದು ಬರೆದವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಆತನ ಹತ್ತಿರ ಏನನ್ನೂ ವಾಪಸು ಕೇಳುವವರಿರಲಿಲ್ಲ. 1977ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮೇಲೆ ಗಾಲಿಕುರ್ಚಿ ಬಂತು. 1981ರ ಏಪ್ರಿಲ್ 11ರಂದು ಆ ಕುರ್ಚಿಯಲ್ಲೇ ಕುಳಿತು ಲ್ಯಾರಿ ಹೋಮ್ಸ್‌ನ ಪಂದ್ಯ ನೋಡಿದ, ಮರುದಿನ ತೀರಿಕೊಂಡ.

ಆರ್ಲಿಂಗ್ಟನ್ನಿನ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಲು ನಿಯಮ ಬಿಡುತ್ತಿರಲಿಲ್ಲ. ಅಧ್ಯಕ್ಷ ರೇಗನ್ ಅದನ್ನು ಸಡಿಲಿಸಿ ಅನುಮತಿ ಕೊಟ್ಟರು. ಅಂತ್ಯಕ್ರಿಯೆಯ ಖರ್ಚಿನಲ್ಲಿ ಒಂದು ಪಾಲನ್ನು ಕೊಟ್ಟವನು ಶ್ಮೆಲಿಂಗ್.