ಕಾಣೆಯಾದ ಟೆರಾಬೈಟು

ನಾಲ್ಕು ಡಿಸ್ಕುಗಳನ್ನು ಕೊಂಡು ತಂದಿದ್ದೀರಿ ಎಂದು ಇಟ್ಟುಕೊಳ್ಳೋಣ. ಒಂದೊಂದರ ಮೇಲೂ 1 ಟೆರಾಬೈಟ್ ಎಂದು ಅಚ್ಚಾಗಿದೆ. ನಾಲ್ಕನ್ನೂ ಐದನೆಯ ಮಟ್ಟದ ‘ರೇಡ್’ ಪದ್ಧತಿಯಲ್ಲಿ ಒಂದಾಗಿ ಹೂಡಿ, ಎಷ್ಟು ಜಾಗವಿದೆಯೆಂದು ಗಣಕಯಂತ್ರವನ್ನು ವಿಚಾರಿಸುತ್ತೀರಿ. ಅದು ನಾಲ್ಕು ಎನ್ನುವುದಿಲ್ಲ. ಮೂರು ಎನ್ನುವುದೂ ಇಲ್ಲ. 2048 ಗಿಗಾಬೈಟಿನ ಒಂದು ತುಂಡನ್ನು ಮುಂದಿಟ್ಟು, ಇನ್ನೊಂದು 746 ಗಿಗಾಬೈಟನ್ನು ಉಳಲಾಗದ ಬೀಳುಭೂಮಿಯಂತೆ ಪಕ್ಕಕ್ಕೆ ಬಿಟ್ಟಿರುತ್ತದೆ. ಅಂಗಡಿಯವನು ಮೋಸಮಾಡಿದನೆ? ಡಿಸ್ಕು ಕೆಟ್ಟಿದೆಯೆ? ಎರಡೂ ಅಲ್ಲ. ಇದರ ಮೂಲವನ್ನು ಹುಡುಕಬೇಕಾದರೆ ನಾವು ಕೆಲವು ದಶಕಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

1956ರಲ್ಲಿ ಐಬಿಎಂ ಸಂಸ್ಥೆ ಪ್ರಪಂಚದ ಮೊದಲ ಡಿಸ್ಕು ಯಂತ್ರವನ್ನು ಹೊರತಂದಿತು. ಎರಡಡಿ ಅಗಲದ 50 ತಟ್ಟೆಗಳು. ಅಷ್ಟರಲ್ಲೂ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಡಿಸ್ಕಿನ ವಿಶೇಷವೆಂದರೆ, ಬೇಕಾದ ಬರಹವನ್ನು ಮೊದಲಿನಿಂದ ಸುರುಳಿ ಬಿಚ್ಚುತ್ತ ಹುಡುಕಬೇಕಾಗಿಲ್ಲ. ನೇರವಾಗಿ ಅದಿರುವ ಖಾನೆಗೇ ಹೋಗಬಹುದು. ಹಾಗೆ ಹೋಗಬೇಕಾದರೆ ಪ್ರತಿ ಖಾನೆಗೂ ಒಂದು ಮನೆಯ ನಂಬರು ಇರಬೇಕಷ್ಟೆ. ಊರು ಎಷ್ಟಾದರೂ ಬೆಳೆಯಲಿ, ನಂಬರಿಗೆ ಮೂರೇ ಅಂಕಿಗಳ ಜಾಗವಿದ್ದರೆ ಸಾವಿರ ಮನೆಗಳಾಚೆಗೆ ಅಂಚೆಯವನು ಕಾಗದ ತಲುಪಿಸಲಾರ. ಮನೆಯಿದೆ, ಮನೆಯೊಳಗೆ ಜನರಿದ್ದಾರೆ; ವಿಳಾಸ ಮಾತ್ರವಿಲ್ಲ. ನಮ್ಮ ಕಾಣೆಯಾದ ಗಿಗಾಬೈಟುಗಳ ಪಾಡೂ ಇದೇ.

1983ರಲ್ಲಿ ಅದೇ ಐಬಿಎಂ ತನ್ನ ಎಕ್ಸ್‌ಟಿ ಗಣಕಯಂತ್ರದಲ್ಲಿ 10 ಮೆಗಾಬೈಟಿನ ಡಿಸ್ಕನ್ನು ಇಟ್ಟಿತು. ಡಿಸ್ಕನ್ನು ಹೇಗೆ ಪಾಲುಮಾಡಿದೆ ಎಂಬ ವಿವರವನ್ನು ಮೊದಲ ಖಾನೆಯಲ್ಲಿ ಬರೆದಿಡುವ ‘ಎಂಬಿಆರ್’ ಪದ್ಧತಿಯೂ ಆಗಲೇ ಬಂದಿತು. ಖಾನೆಯ ನಂಬರಿಗೆ ಅದರಲ್ಲಿ ಮೀಸಲಿಟ್ಟ ಜಾಗ 32 ಬಿಟ್. ಎಂದರೆ 429 ಕೋಟಿಗೂ ಮಿಕ್ಕ ಖಾನೆಗಳನ್ನು ಎಣಿಸಬಹುದು. ಆ ಡಿಸ್ಕಿನಲ್ಲಿದ್ದುದಾದರೋ ಸುಮಾರು 20,800 ಖಾನೆಗಳು! ಇದ್ದುದಕ್ಕಿಂತ ಎರಡು ಲಕ್ಷ ಪಟ್ಟು ಜಾಗ ಬಿಟ್ಟವರನ್ನು ದೂರದೃಷ್ಟಿಯಿಲ್ಲದವರೆಂದು ಇಂದು ಜರೆಯುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಆದರೂ ಖಾನೆಯೊಂದಕ್ಕೆ 512 ಬೈಟಿನಂತೆ ಲೆಕ್ಕ ಹಾಕಿದರೆ 2,199,023,255,552 ಬೈಟುಗಳಿಗೆ ಗೋಡೆ ಎದ್ದುಬಿಡುತ್ತದೆ. ನೀವು ಕಂಡ 2048 ಗಿಗಾಬೈಟ್ ಇದೇ.

ಈ ಗೋಡೆ ಮೊದಲನೆಯದೂ ಅಲ್ಲ. ತೊಂಬತ್ತರ ದಶಕದಲ್ಲಿ ಜನ 528 ಮೆಗಾಬೈಟಿನ ಬಳಿ ಮುಗ್ಗರಿಸಿದರು. ಅದರ ಕಾರಣ ಬಹು ಸ್ವಾರಸ್ಯದ್ದು. ಗಣಕಯಂತ್ರದ ಬಯಾಸ್ ಒಂದು ರೀತಿಯಲ್ಲಿ ಅಂಕಣ ಎಳೆದ ಲೆಕ್ಕದ ಪುಸ್ತಕ. ಡಿಸ್ಕಿನದು ಇನ್ನೊಂದು ರೀತಿಯದು. ಎರಡೂ ಬೇರೆ ಬೇರೆಯಾಗಿ ಇದಕ್ಕಿಂತ ಬಹಳ ಹೆಚ್ಚನ್ನು ಬರೆದುಕೊಳ್ಳಬಲ್ಲವು. ಆದರೆ ಒಂದರಲ್ಲಿ ಅಗಲವಾದ ಅಂಕಣ ಇನ್ನೊಂದರಲ್ಲಿ ಕಿರಿದು. ಎರಡೂ ಒಪ್ಪುವಂತೆ ಬರೆಯಹೋದರೆ ಪ್ರತಿ ಅಂಕಣದಲ್ಲೂ ಕಿರಿದಾದುದೇ ಗೆಲ್ಲುತ್ತದೆ; ಒಟ್ಟು ಮೊತ್ತ ಎರಡಕ್ಕಿಂತಲೂ ಕುಗ್ಗುತ್ತದೆ. ಮುಂದೆ 28 ಬಿಟ್ಟಿನ ನಂಬರು 137 ಗಿಗಾಬೈಟಿಗೆ ತಡೆಯಿತು. ಇಲ್ಲಿ ಅಪಾಯವೂ ಇತ್ತು. ಗೋಡೆಯನ್ನು ಅರಿಯದ ವ್ಯವಸ್ಥೆ ಅದರಾಚೆಗೆ ಬರೆಯಹೊರಟರೆ ನಂಬರು ಸುತ್ತು ಹಾಕಿ ಮತ್ತೆ ಸೊನ್ನೆಗೆ ಬಂದು, ಡಿಸ್ಕಿನ ತಲೆಭಾಗದಲ್ಲಿದ್ದ ಹಳೆಯ ಬರಹದ ಮೇಲೆಯೇ ಬರೆಯುವ ಸಂಭವವಿತ್ತು. 2002ರ ಎಟಿಎ-6 ಕಟ್ಟಳೆ ನಂಬರನ್ನು 48 ಬಿಟ್ಟಿಗೆ ಏರಿಸಿತು.

ಇನ್ನು ರೇಡಿನ ಕಡೆಗೆ ಬರೋಣ. 1988ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಸ್ ಎಂಬ ಮೂವರು ಒಂದು ಲೇಖನ ಪ್ರಕಟಿಸಿದರು. 7500 ಮೆಗಾಬೈಟಿನ ದೊಡ್ಡ ದುಬಾರಿ ಡಿಸ್ಕಿನ ಬದಲು 100 ಮೆಗಾಬೈಟಿನ ಅಗ್ಗದ ಪುಟ್ಟ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದರೇನು ಎಂಬುದು ಅವರ ಪ್ರಶ್ನೆ. ಪುಟ್ಟ ಡಿಸ್ಕೊಂದರ ಆಯುಸ್ಸು ಸರಾಸರಿ 30,000 ಗಂಟೆಯಾದರೆ, ನೂರು ಸೇರಿದ ಕಡೆ 300 ಗಂಟೆಗೊಮ್ಮೆ ಒಂದು ಕೆಡುತ್ತದೆ. ಎರಡು ವಾರವೂ ಆಗಲಿಲ್ಲ! ಆದ್ದರಿಂದ ಸ್ವಲ್ಪ ಜಾಗವನ್ನು ಆಪದ್ಧನವಾಗಿ ತೆಗೆದಿಡಬೇಕೆಂದು ಹೇಳಿ ಅವರು ಐದು ಮಟ್ಟಗಳನ್ನು ವಿವರಿಸಿದರು. ಐದನೆಯದರಲ್ಲಿ ಆಪದ್ಧನ ಒಂದು ಡಿಸ್ಕಿನಷ್ಟು. ನಾಲ್ಕರಲ್ಲಿ ಮೂರರ ಜಾಗ ಮಾತ್ರ ನಿಮ್ಮ ಪಾಲಿಗೆ ಬರುವುದು ಇದರಿಂದ.

ಸಣ್ಣವನ್ನು ಕೂಡಿಸಿ ದೊಡ್ಡದನ್ನು ಮಾಡುವ ಈ ಯುಕ್ತಿಯೇ ರೇಡನ್ನು ಗೋಡೆಗೆ ಮುಂಚಿತವಾಗಿ ಒಯ್ದು ನಿಲ್ಲಿಸಿತು. 3 ಟೆರಾಬೈಟಿನ ಒಂಟಿ ಡಿಸ್ಕು ಪೇಟೆಗೆ ಬಂದದ್ದು 2010ರಲ್ಲಿ. ಆದರೆ 2004ರಲ್ಲೇ 400 ಗಿಗಾಬೈಟಿನ ಡಿಸ್ಕು ಸಿಗುತ್ತಿತ್ತು. ಅಂಥ ಎಂಟನ್ನು ಐದನೆಯ ಮಟ್ಟದಲ್ಲಿ ಹೂಡಿದವನು ಆಗಲೇ 2800 ಗಿಗಾಬೈಟ್ ಮುಟ್ಟಿ ಗೋಡೆಗೆ ಹಣೆ ಬಡಿದುಕೊಂಡಿರುತ್ತಿದ್ದ. ಅನೇಕ ರೇಡ್ ನಿಯಂತ್ರಕಗಳೂ, ಅವು ಮಾತನಾಡುತ್ತಿದ್ದ ಹಳೆಯ ಸ್ಕಸಿ ಆಜ್ಞೆಗಳೂ ಅದೇ 32 ಬಿಟ್ಟನ್ನು ನೆಚ್ಚಿಕೊಂಡಿದ್ದವು. ದೊಡ್ಡ ಸಾಲನ್ನು 2 ಟೆರಾಬೈಟಿನ ತುಂಡುಗಳಾಗಿ ಕೊಯ್ದು ಬಳಸುವುದೇ ಆ ಕಾಲದ ಉಪಾಯ.

ನಿಮ್ಮ ಪರದೆಯ ಲೆಕ್ಕ ತಪ್ಪಿದಾಗ ಸಂಖ್ಯೆಯನ್ನೇ ಮೊದಲು ಓದಿರಿ. ಅದು ತಾನೇ ತಪ್ಪಿತಸ್ಥನನ್ನು ತೋರಿಸುತ್ತದೆ. ಒಂದು ಟೆರಾಬೈಟಿನ ಡಿಸ್ಕು 931 ಎಂದು ಕಂಡರೆ ಗಾಬರಿ ಬೇಡ: ತಯಾರಕರು ಸಾವಿರದ ಗುಣಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಗುಣಕದಲ್ಲಿ ಎಣಿಸುತ್ತದೆ. ಸಾಲಿನಲ್ಲಿ ಒಂದು ಡಿಸ್ಕು ಕಿರಿದಾಗಿದ್ದರೆ ರೇಡ್ ಸಾಮಾನ್ಯವಾಗಿ ಎಲ್ಲವನ್ನೂ ಅದರ ಅಳತೆಗೇ ಇಳಿಸುತ್ತದೆ. 2048 ಕಂಡು ಉಳಿದದ್ದು ಬೀಳುಬಿದ್ದಿದ್ದರೆ ತಪ್ಪು ಎಂಬಿಆರ್‌ನದು. ಒಟ್ಟು ಜಾಗವೇ 746 ಎಂದರೆ ನಿಯಂತ್ರಕವೋ ಅದರ ಚಾಲಕ ತಂತ್ರಾಂಶವೋ ನಂಬರನ್ನು ಸುತ್ತು ಹಾಕಿಸಿದೆ. ಮೂರು ಸಲ 931ನ್ನು ಕೂಡಿ 2048ನ್ನು ಕಳೆಯಿರಿ, ಒಂದರ ಹೆಚ್ಚುಕಡಿಮೆಯಲ್ಲಿ ಉತ್ತರ ಸಿಕ್ಕುತ್ತದೆ. ಇಂಥ ಕಡೆ ಪಾಲಿನ ಪಟ್ಟಿಯನ್ನು ಬದಲಿಸಿ ಪ್ರಯೋಜನವಿಲ್ಲ. ಹೊಸ ಚಾಲಕವೋ ಹೊಸ ನಿಯಂತ್ರಕವೋ ಬೇಕು. ಅದಾಗುವವರೆಗೆ ಆ ಸಾಲಿನ ಮೇಲೆ ಒಂದಕ್ಷರವನ್ನೂ ಬರೆಯಬೇಡಿ.

ಎಂಬಿಆರ್‌ಗೆ ಬದಲಾಗಿ ಬಂದದ್ದು 64 ಬಿಟ್ಟಿನ ‘ಜಿಪಿಟಿ’. 32 ಬಿಟ್ಟಿನ ವಿಂಡೋಸ್ ಎಕ್ಸ್‌ಪಿಗೆ ಇದು ಅರ್ಥವಾಗುತ್ತಿರಲಿಲ್ಲ. ವಿಸ್ಟಾದಿಂದೀಚೆಗೆ ಆ ತೊಡಕಿಲ್ಲ. ಆದರೆ ವಿಂಡೋಸನ್ನೇ ಅದರಿಂದ ಚಾಲೂ ಮಾಡಬೇಕಾದರೆ ಹಳೆಯ ಬಯಾಸ್ ಸಾಲದು, ಯುಇಎಫ್‌ಐ ಇರಬೇಕು. ಹೊಸದಾಗಿ ಸಾಲು ಹೂಡುವವರಿಗೆ ಇದೆಲ್ಲ ಕೆಲವು ನಿಮಿಷಗಳ ಕೆಲಸ. ಕಷ್ಟವಿರುವುದು ಹಳಬರಿಗೆ. ಹಲವು ವರ್ಷಗಳ ಮದುವೆಯ ಚಿತ್ರಗಳಿಂದಲೋ ಧ್ವನಿಮುದ್ರಣಗಳಿಂದಲೋ ತುಂಬಿದ ಎಂಬಿಆರ್ ಸಾಲಿಗೆ ಇನ್ನೊಂದು ಡಿಸ್ಕು ಸೇರಿಸುತ್ತಾರೆ, ಜಾಗ ಹೆಚ್ಚುವುದಿಲ್ಲ, ಜಿಪಿಟಿಗೆ ಬದಲಿಸೋಣವೆಂದರೆ ವಿಂಡೋಸಿನ ಮಾಮೂಲು ಡಿಸ್ಕು ಉಪಕರಣ ಇರುವ ಪಾಲುಗಳನ್ನೆಲ್ಲ ಮೊದಲು ಅಳಿಸೆನ್ನುತ್ತದೆ. ರೇಡ್ ಇದೆಯಲ್ಲ ಎಂದು ಆಗ ಧೈರ್ಯ ತಾಳುವವರುಂಟು. ರೇಡ್ ಕಾಯುವುದು ಡಿಸ್ಕಿನ ಸಾವಿನಿಂದ. ಅಳಿಸು ಎಂಬ ಆಜ್ಞೆಯನ್ನು ಅದು ಎಲ್ಲ ಡಿಸ್ಕುಗಳ ಮೇಲೂ ಸಮನಾಗಿ ನಡೆಸಿಕೊಡುತ್ತದೆ. ಆ ಗುಂಡಿ ಒತ್ತುವ ಮೊದಲು ಚಿತ್ರಗಳ ಪ್ರತಿಯೊಂದು ಬೇರೆ ಡಿಸ್ಕಿನ ಮೇಲಿರಬೇಕು, ಅದನ್ನು ಒಮ್ಮೆ ತೆರೆದೂ ನೋಡಿರಬೇಕು.