ಶಾಂತಿ ಒಪ್ಪಂದದ ನಂತರ

ಮೆಕ್ಸಿಕೊದ ಕೆಳಗೆ, ಎರಡು ಅಮೆರಿಕಗಳನ್ನು ಬೆಸೆಯುವ ಕಿರಿದಾದ ನೆಲದಲ್ಲಿ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್ ಎಂಬ ಮೂರು ನೆರೆಯ ದೇಶಗಳಿವೆ. ಅಲ್ಲಿನ ಹೆಸರುಗಳು ನಮಗೆ ಅಪರಿಚಿತವಲ್ಲ. ಹೊಂಡುರಾಸಿನ ಸಾನ್ ಪೆದ್ರೊ ಸುಲಾ ಸಂತ ಪೇತ್ರರ ಹೆಸರು ಹೊತ್ತ ನಗರ. ಎಲ್ ಸಾಲ್ವಡಾರ್ ಎಂದರೆ ‘ರಕ್ಷಕ’. ಆದರೆ 2011ರಿಂದ ಕೆಲವು ವರ್ಷ ಆ ಸಂತ ಪೇತ್ರರ ನಗರವೇ ಜಗತ್ತಿನಲ್ಲಿ ಅತಿ ಹೆಚ್ಚು ಕೊಲೆಗಳ ನಗರವೆಂದು ಕುಖ್ಯಾತವಾಯಿತು. ‘ರಕ್ಷಕ’ನ ನಾಡಿನಲ್ಲಿ 2015ರ ಒಂದೇ ವರ್ಷ 6,600ಕ್ಕೂ ಹೆಚ್ಚು ಮಂದಿ ಹತರಾದರು, ಅಂದರೆ ಲಕ್ಷ ಜನರಲ್ಲಿ ನೂರಕ್ಕೂ ಅಧಿಕ.

ಬಡತನವೇ ಇದಕ್ಕೆ ಕಾರಣವೆಂದು ನೀವು ಹೇಳಬಹುದು. ಹಾಗಾದರೆ ಪಕ್ಕದ ನಿಕರಾಗುವಾ ಇನ್ನೂ ಬಡದೇಶ, ಅಲ್ಲಿಯೂ ಯುದ್ಧ ನಡೆದಿತ್ತು. ಈ ಗುಂಪುಗಳು ಅಲ್ಲೇಕೆ ಬೇರೂರಲಿಲ್ಲ? ಉತ್ತರವನ್ನು ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1980ರ ಮಾರ್ಚ್ 23ರಂದು ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರು ತಮ್ಮ ಭಾನುವಾರದ ಪ್ರಬೋಧನೆಯಲ್ಲಿ, ಸ್ವಂತ ಜನರನ್ನು ಕೊಲ್ಲಬೇಡಿರೆಂದು ಸೈನಿಕರಿಗೆ ಮೊರೆಯಿಟ್ಟರು. ಮರುದಿನ ಸಂಜೆ ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಗೆ ಬಲಿಯಾದರು. (2018ರಲ್ಲಿ ಅವರಿಗೆ ಸಂತಪದವಿ ದೊರೆಯಿತು.) ನಂತರದ ಅಂತರ್ಯುದ್ಧ 1992ರ ಜನವರಿಯವರೆಗೂ ಉರಿದು ಸುಮಾರು 75,000 ಜೀವಗಳನ್ನು ನುಂಗಿತು. ಲಕ್ಷಾಂತರ ಜನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಓಡಿದರು. ಅವರಲ್ಲಿ ಬಹಳಷ್ಟು ಮಂದಿ ಸೇರಿದ್ದು ಲಾಸ್ ಏಂಜಲೀಸ್ ನಗರದ ಬಡ ಬಡಾವಣೆಗಳನ್ನು. ಅಲ್ಲಿ ಆಗಲೇ ಇದ್ದ ಗುಂಪುಗಳ ನಡುವೆ ಬದುಕಲು ಅವರ ಹುಡುಗರು ಕಟ್ಟಿಕೊಂಡದ್ದೇ ‘ಮಾರಾ ಸಾಲ್ವತ್ರೂಚಾ’. ಇನ್ನು ಕೆಲವರು ಅದರ ಕಡುವೈರಿಯಾದ ‘ಬಾರಿಯೊ 18’ನ್ನು ಸೇರಿದರು. ಈ ಎರಡೂ ಮಧ್ಯ ಅಮೆರಿಕದಲ್ಲಿ ಹುಟ್ಟಿದವಲ್ಲ ಎಂಬುದನ್ನು ಗಮನಿಸಿರಿ.

1996ರ ಹೊಸ ವಲಸೆ ಕಾನೂನಿನ ನಂತರ ಶಿಕ್ಷೆಗೊಳಗಾದ ಸಾವಿರಾರು ತರುಣರನ್ನು ವಿಮಾನ ಹತ್ತಿಸಿ ಮೂರೂ ದೇಶಗಳಿಗೆ ಕಳುಹಿಸಲಾಯಿತು. ಹಲವರು ಶೈಶವದಲ್ಲೇ ಊರು ಬಿಟ್ಟವರು. ತಾಯ್ನಾಡು ಅವರಿಗೆ ಪರದೇಶ. ಯುದ್ಧದ ಬಂದೂಕುಗಳು ಮನೆಮನೆಯಲ್ಲಿ ಉಳಿದಿದ್ದವು, ಕೆಲಸವಿರಲಿಲ್ಲ, ಎಲ್ ಸಾಲ್ವಡಾರಿನ ಪೊಲೀಸ್ ಪಡೆಯಾದರೋ ಆಗಷ್ಟೇ ರಚನೆಯಾಗಿತ್ತು. ನಿಕರಾಗುವಾದ ವಲಸಿಗರು ಹೆಚ್ಚಾಗಿ ಹೋದದ್ದು ಕೋಸ್ಟರೀಕಾಕ್ಕೆ ಮತ್ತು ಮಯಾಮಿಗೆ. ಹಿಂದಕ್ಕೆ ಅಟ್ಟಿಸಿಕೊಂಡವರೂ ಕಡಿಮೆ. ವ್ಯತ್ಯಾಸದ ಬಹುಭಾಗ ಇಲ್ಲಿದೆ ಎಂಬುದು ನನ್ನ ಎಣಿಕೆ.

ಬಸ್ ಚಾಲಕನಿಂದ ಹಿಡಿದು ರೊಟ್ಟಿ ಮಾರುವ ಹೆಂಗಸಿನವರೆಗೆ ಎಲ್ಲರೂ ಈ ಗುಂಪುಗಳಿಗೆ ‘ರೆಂಟಾ’ ತೆರಬೇಕಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಬಾಡಿಗೆ ಎಂಬರ್ಥದ ಮಾತಿದು. ಬದುಕಿರುವುದಕ್ಕೇ ಬಾಡಿಗೆ! ಒಂದು ಗುಂಪಿನ ಬೀದಿಯ ಹುಡುಗ ಇನ್ನೊಂದರ ಬೀದಿಗೆ ಕಾಲಿಟ್ಟರೆ ಹೆಣವಾಗುತ್ತಿದ್ದ. 2003ರಲ್ಲಿ ಸರ್ಕಾರ ಕಠಿಣ ಕ್ರಮಕ್ಕಿಳಿದು ಹಚ್ಚೆಯ ಗುರುತಿನ ಮೇಲೆಯೇ ಬಂಧಿಸತೊಡಗಿತು. ಜೈಲಿನೊಳಗೆ ಕಾದಾಟವಾಗದಿರಲೆಂದು ಎರಡೂ ಗುಂಪುಗಳನ್ನು ಬೇರೆ ಬೇರೆ ಸೆರೆಮನೆಗಳಲ್ಲಿರಿಸಿದರು. ಆ ಸೆರೆಮನೆಗಳೇ ಅವುಗಳ ಕೇಂದ್ರ ಕಚೇರಿಗಳಾದವು. 2012ರಲ್ಲಿ ಧರ್ಮಾಧ್ಯಕ್ಷ ಫಾಬಿಯೊ ಕೊಲಿಂದ್ರೆಸ್ ಮತ್ತು ಮಾಜಿ ಗೆರಿಲ್ಲಾ ರಾಉಲ್ ಮಿಹಾಂಗೊ ಸಂಧಾನ ನಡೆಸಿದಾಗ ಕೊಲೆಗಳು ಅರ್ಧಕ್ಕೂ ಕೆಳಗಿಳಿದವು. ಎರಡೇ ವರ್ಷಗಳಲ್ಲಿ ಆ ಸಂಧಾನ ಮುರಿಯಿತು.

2022ರ ಮಾರ್ಚ್ 26ರಂದು ಒಂದೇ ದಿನ 62 ಮಂದಿ ಕೊಲೆಯಾದರು. ಮರುದಿನವೇ ತುರ್ತುಸ್ಥಿತಿ ಘೋಷಣೆಯಾಗಿ, ಮುಂದಿನ ಮೂರು ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಜನರನ್ನು ಸೆರೆಹಿಡಿಯಲಾಯಿತು. 2024ರಲ್ಲಿ ಇಡೀ ದೇಶದಲ್ಲಿ ಆದ ಕೊಲೆಗಳು 114 ಎನ್ನುತ್ತದೆ ಸರ್ಕಾರದ ಲೆಕ್ಕ. ರೊಟ್ಟಿ ಮಾರುವ ಹೆಂಗಸು ಈಗ ಯಾರಿಗೂ ಬಾಡಿಗೆ ತೆರಬೇಕಿಲ್ಲ. ಅವಳ ನೆಮ್ಮದಿಯನ್ನು ದೂರದಲ್ಲಿ ಕುಳಿತ ನಾವು ಹಗುರವಾಗಿ ಕಾಣಲಾಗದು. ಆದರೆ ಸೆರೆಮನೆಗಳ ಹೊರಗೆ, ಬಟ್ಟೆ, ಸಾಬೂನು, ಆಹಾರದ ಪೊಟ್ಟಣಗಳನ್ನು ಹಿಡಿದು ಬೇರೆ ತಾಯಂದಿರು ನಿಂತರು. ಮಗ ಒಳಗೆ ಬದುಕಿದ್ದಾನೆಯೇ ಎಂದೂ ಅನೇಕರಿಗೆ ಗೊತ್ತಿರಲಿಲ್ಲ. ನೂರಾರು ಮಂದಿ ತೀರ್ಪಿಗೂ ಮುನ್ನ ಒಳಗೇ ಸತ್ತರು. ಮೂವತ್ತು ದಿನಗಳಿಗೆಂದು ಹೊರಡಿಸಿದ ಆ ತುರ್ತು ಆಜ್ಞೆ ತಿಂಗಳು ತಿಂಗಳೂ ನವೀಕರಣಗೊಳ್ಳುತ್ತ 2025ರಲ್ಲಿಯೂ ಜಾರಿಯಲ್ಲಿತ್ತು.