ಗಾಡಿಯ ಜೀರ್ಣೋದ್ಧಾರ

ನಮ್ಮ ಹಳೆಯ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಅರಸನೋ ಮಂಡಲಿಕನೋ ಗುಡಿಗೆ ಭೂಮಿ ಬಿಡುವಾಗ ಪೂಜೆಗೆ, ಆಹಾರದಾನಕ್ಕೆ ಎಂದು ಹೇಳುವುದರ ಜೊತೆಗೆ, ಒಡೆದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೂ ಎಂದು ಸೇರಿಸುತ್ತಿದ್ದನು. ಕಟ್ಟಿದ್ದೆಲ್ಲ ಒಂದು ದಿನ ಒಡೆಯುತ್ತದೆಂದು ಮೊದಲೇ ಒಪ್ಪಿಕೊಂಡ ವಿವೇಕ ಅದು. ರಬಕವಿಗೆ ಸಮೀಪದ ತೇರದಾಳದಲ್ಲಿ 12ನೆಯ ಶತಮಾನದ ಬಸದಿಯೂ ಶಾಸನವೂ ಇವೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಈ ಮಾತನ್ನು ವಿವರಿಸಿದ್ದುಂಟು. ಆದರೆ ಅದರ ಅರ್ಥ ನನಗೆ ಚೆನ್ನಾಗಿ ತಿಳಿದದ್ದು ಕಳೆದ ಬೇಸಗೆಯಲ್ಲಿ, ನಮ್ಮ ಮನೆಯ ಹಿತ್ತಿಲಲ್ಲಿ, ಗ್ರೀಸು ಮೆತ್ತಿದ ಕೈಗಳಿಂದ ಒಂದು ಹಳೆಯ ಮೋಟಾರ್ ಸೈಕಲ್ಲನ್ನು ಬಿಚ್ಚುತ್ತ ಕುಳಿತಾಗ.

ಅದು ಯಮಹಾ ಆರ್.ಎಕ್ಸ್. 100. ನಮ್ಮ ತಂದೆ 1989ರಲ್ಲಿ ಕೊಂಡದ್ದು. ಜಪಾನಿನ ಹಳೆಯ ಓಟದ ಕಾರುಗಳನ್ನು ಮನೆಯಲ್ಲಿಟ್ಟುಕೊಂಡು ರಿಪೇರಿ ಮಾಡುವ ಹವ್ಯಾಸಿಗಳು ಅಮೆರಿಕದಲ್ಲಿ, ಯುರೋಪಿನಲ್ಲಿ ಬಹಳ. ನಮ್ಮ ಕಡೆಯ ಮಧ್ಯಮ ವರ್ಗದ ಅಂಗಳದಲ್ಲಿ ಆ ಜಾಗವನ್ನು ಹಿಡಿದಿರುವುದು ಈ ಗಾಡಿ. ಜಮಖಂಡಿ, ಮುಧೋಳ, ಬನಹಟ್ಟಿ ಎಲ್ಲಿಗೇ ಹೋಗಿ, ಅದರ ಸದ್ದು ಕೇಳಿದರೆ ಚಹಾದ ಅಂಗಡಿಯ ಮುಂದೆ ನಿಂತವರು ಇಂದಿಗೂ ತಿರುಗಿ ನೋಡುತ್ತಾರೆ.

ಈ ಗಾಡಿಯ ವಂಶಾವಳಿಯನ್ನು ಹುಡುಕುತ್ತ ಹೋದರೆ ನೇಕಾರರ ಊರಿನವನಾದ ನನಗೆ ಸಂತೋಷ ಕೊಡುವ ಸಂಗತಿಗಳು ಸಿಗುತ್ತವೆ. ಜಪಾನಿನ ಮೋಟಾರು ಉದ್ಯಮದ ಬೇರು ಮಗ್ಗದ ಗುಂಡಿಯಲ್ಲಿದೆ. ಸಾಕಿಚಿ ಟೊಯೋಡಾ ಎಂಬಾತ 1891ರಲ್ಲಿ ಕಟ್ಟಿಗೆಯ ಕೈಮಗ್ಗವೊಂದಕ್ಕೆ ಪೇಟೆಂಟು ಪಡೆದನು. 1924ರ ಹೊತ್ತಿಗೆ, ಓಡುತ್ತಿರುವಾಗಲೇ ಲಾಳಿಯನ್ನು ತಾನೇ ಬದಲಾಯಿಸಿಕೊಳ್ಳುವ, ಎಳೆ ಕಡಿದರೆ ತಾನಾಗಿಯೇ ನಿಲ್ಲುವ ಮಗ್ಗವನ್ನು ಸಿದ್ಧಪಡಿಸಿದ್ದನು. ಅದರ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ 1 ಲಕ್ಷ ಪೌಂಡಿಗೆ ಕೊಂಡಿತು. ಅವನ ಮಗ ಕೀಚಿರೋ ಕಾರಿನ ಕಡೆಗೆ ಹೊರಳಿದನು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಹುಟ್ಟಿತು. ಸುಜುಕಿಯದೂ ಇದೇ ಕಥೆ. ಮಿಚಿಯೋ ಸುಜುಕಿ 1909ರಲ್ಲಿ ಹಮಾಮಾತ್ಸು ಊರಿನಲ್ಲಿ ತೆರೆದದ್ದು ಮಗ್ಗದ ಕಾರ್ಖಾನೆ.

ಅದೇ ಹಮಾಮಾತ್ಸುವಿನಲ್ಲಿ 1887ರಲ್ಲಿ ಒಂದು ಪ್ರಾಥಮಿಕ ಶಾಲೆಯ ಆರ್ಗನ್ ವಾದ್ಯ ಕೆಟ್ಟಿತು. ಅದು ನಮ್ಮ ಪೇಟಿಯ ಜಾತಿಯದು. ಗಾಳಿಗೆ ಅದುರುವ ಲೋಹದ ಪಟ್ಟಿಗಳಿಂದ ಸ್ವರ ಹೊರಡಿಸುವಂಥದು. ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ತೊರಾಕುಸು ಯಮಹಾ ಎಂಬವನನ್ನು ಕರೆಸಿದರು. ಅವನು ಅದನ್ನು ಬಿಚ್ಚಿ ಸರಿಪಡಿಸಿದನು. ಬಿಚ್ಚಿದಾಗ ಕಂಡದ್ದನ್ನು ನೆನಪಿಟ್ಟುಕೊಂಡು ತಾನೇ ಒಂದನ್ನು ಮಾಡಿದನು. ವಾದ್ಯದ ಕಂಪನಿ ಹುಟ್ಟಿದ್ದು ಹೀಗೆ, ಶಾಲೆಯ ಒಂದು ರಿಪೇರಿಯಿಂದ. 1955ರಲ್ಲಿ ಆ ಕಂಪನಿಯಿಂದ ಯಮಹಾ ಮೋಟಾರ್ ಬೇರೆಯಾಯಿತು. ಗಾಡಿಯ ಟ್ಯಾಂಕಿನ ಮೇಲೆ ಇಂದಿಗೂ ಇರುವ ಮೂರು ಶ್ರುತಿಕವೆಗಳ ಚಿಹ್ನೆ ಆ ಹಳೆಯ ಮನೆತನದ ಗುರುತು. ಮುಂದೆ 1967ರಲ್ಲಿ ಟೊಯೋಟಾ 2000 ಜಿ.ಟಿ. ಎಂಬ ಹೆಸರಾಂತ ಓಟದ ಕಾರು ಬಂದಾಗ ಅದನ್ನು ಕಟ್ಟಿಕೊಟ್ಟದ್ದು ಯಮಹಾ. ಒಳಗಿನ ಕಟ್ಟಿಗೆಯ ಕೆಲಸ ಮಾಡಿದವರು ಪಿಯಾನೋ ಮಾಡುವವರು. ಮಗ್ಗದ ಮನೆಗೂ ವಾದ್ಯದ ಮನೆಗೂ ಅಲ್ಲೊಂದು ಬೀಗತನವಾಯಿತು ಎನ್ನಬಹುದು.

ಭಾರತಕ್ಕೆ ಈ ಮನೆತನ ಕಾಲಿಟ್ಟದ್ದು ಎಂಬತ್ತರ ದಶಕದಲ್ಲಿ. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ಯಮಹಾದ ನೆರವಿನಿಂದ ರಾಜದೂತ್ 350 ತಂದಿತು. ಅದು ನಮ್ಮ ಜನರ ಪೆಟ್ರೋಲಿನ ಲೆಕ್ಕಕ್ಕೆ ಹೊಂದಲಿಲ್ಲ. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ, ಆ ವರ್ಷದ ಕೊನೆಗೆ ಆರ್.ಎಕ್ಸ್. 100. ಹೋಂಡಾ ಹೆಸರಾದದ್ದು ಮೈಲೇಜಿಗೆ, ಆರ್.ಎಕ್ಸ್. ಹೆಸರಾದದ್ದು ಓಟಕ್ಕೆ. ಅದರ ಎಂಜಿನ್ನಿನ ಅಳತೆ ಒಂದು ಒಳ್ಳೆಯ ವೃತ್ತದ ಹಾಗೆ ನೇರ್ಪಾಗಿದೆ: ಪಿಸ್ಟನ್ನಿನ ಅಗಲ 50 ಮಿಲಿಮೀಟರ್, ಅದು ಏರಿಳಿಯುವ ದೂರವೂ 50 ಮಿಲಿಮೀಟರ್. ಒಟ್ಟು 98 ಸಿ.ಸಿ. ಅದರಿಂದ 11 ಅಶ್ವಶಕ್ತಿ. ಗಾಡಿಯ ತೂಕ 100 ಕಿಲೋದ ಆಸುಪಾಸು. ಗಾಳಿ-ಪೆಟ್ರೋಲು ಒಳಗೆ ಬರುವ ದಾರಿಯಲ್ಲಿ ತೆಳುವಾದ ಪಟ್ಟಿಗಳಿವೆ. ಎಳೆದಾಗ ತೆರೆಯುತ್ತವೆ, ಒತ್ತಿದಾಗ ಮುಚ್ಚುತ್ತವೆ. ಅದಕ್ಕೂ ರೀಡ್ ಎಂದೇ ಹೆಸರು. ಪೇಟಿಯ ರೀಡು ಗಾಡಿಗೆ ಬಂದು ಸೇರಿತು ಎಂದು ನಾನು ನಗುತ್ತಿರುತ್ತೇನೆ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪಿಸ್ಟನ್ನು ಎರಡು ಸುತ್ತಿಗೊಮ್ಮೆ ಶಕ್ತಿ ಕೊಡುತ್ತದೆ. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ. ಅದಕ್ಕೇ ಆ ಚುರುಕು. ಆದರೆ ಎಣ್ಣೆಯೂ ಪೆಟ್ರೋಲಿನೊಡನೆ ಸುಡುತ್ತದೆ, ಸುಡದ ಪೆಟ್ರೋಲು ಸ್ವಲ್ಪ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಹೊಗೆಯ ಕಾನೂನು ಬಿಗಿಯಾದಂತೆ ಇಂಥ ಗಾಡಿಗಳ ಕಾಲ ಮುಗಿಯುತ್ತ ಬಂದಿತು. 1996ರಲ್ಲಿ ಆರ್.ಎಕ್ಸ್. 100 ನಿಂತಿತು. ಅದೇ ವರ್ಷ, 1961ರಿಂದ ಜಾವಾ, ಯೆಜ್ಡಿಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಬಾಗಿಲು ಮುಚ್ಚಿತು.

ಆ ಮೇಲೆ ಶುರುವಾದದ್ದು ಗಾಡಿಯ ಎರಡನೆಯ ಜನ್ಮ. ಹುಡುಗರು ಅದನ್ನು ಕೊಂಡು ಮಡ್‌ಗಾರ್ಡು ಕತ್ತರಿಸಿದರು, ಹ್ಯಾಂಡಲ್ ಬದಲಿಸಿದರು, ಬೇರೆ ಸೈಲೆನ್ಸರ್ ತಗಲಿಸಿದರು. ಹೊಟ್ಟೆ ಉಬ್ಬಿದ ಆ ಸೈಲೆನ್ಸರಿಗೂ ಒಂದು ಚರಿತ್ರೆಯಿದೆ. ಹೊರಹೋಗುವ ಹೊಗೆಯ ಅಲೆಯನ್ನು ಹಿಂದಕ್ಕೆ ತಿರುಗಿಸಿ, ತಪ್ಪಿಸಿಕೊಳ್ಳುವ ಪೆಟ್ರೋಲನ್ನು ಮತ್ತೆ ಒಳಕ್ಕೆ ತಳ್ಳುವ ಈ ಉಪಾಯವನ್ನು 1950ರ ದಶಕದಲ್ಲಿ ಹದಗೊಳಿಸಿದವನು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಅವನ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಓಡಿಹೋಗಿ ಆ ವಿದ್ಯೆಯನ್ನು ಸುಜುಕಿಗೆ ಒಪ್ಪಿಸಿದನು. ಮರುವರ್ಷವೇ ಸುಜುಕಿ 50 ಸಿ.ಸಿ. ವರ್ಗದಲ್ಲಿ ವಿಶ್ವ ಪ್ರಶಸ್ತಿ ಗೆದ್ದಿತು. ಗುಟ್ಟು ಅಲ್ಲಿಂದ ಜಗತ್ತಿಗೆ ಹಬ್ಬಿ, ನಾಲ್ಕು ದಶಕಗಳ ನಂತರ ನಮ್ಮ ಊರಿನ ಗ್ಯಾರೇಜಿಗೂ ಬಂದಿತ್ತು.

ಇಲ್ಲಿ ನನ್ನ ತಪ್ಪನ್ನು ಹೇಳಿಕೊಳ್ಳಬೇಕು. 2000ನೆಯ ಇಸವಿಯಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ತಂದೆಯ ಗಾಡಿಯನ್ನು ಅವರಿಗೆ ತಿಳಿಯದಂತೆ ಒಬ್ಬ ಮಿಸ್ತ್ರಿಯ ಬಳಿಗೆ ಒಯ್ದು ಸಿಲಿಂಡರಿನ ಪೋರ್ಟುಗಳನ್ನು ಅರದಿಂದ ಉಜ್ಜಿಸಿದೆ. ಗೆಳೆಯರ ಮುಂದೆ ಓಡಿಸಿ ಮೆರೆದೆ. ಪೋರ್ಟು ದೊಡ್ಡದಾದರೆ ಪೆಟ್ರೋಲು, ಎಣ್ಣೆಗಳ ಲೆಕ್ಕವೂ ಬದಲಾಗಬೇಕು. ಅದು ನನಗೆ ಗೊತ್ತಿರಲಿಲ್ಲ. ಮೂರು ವಾರಗಳ ನಂತರ ಒಂದು ಮಧ್ಯಾಹ್ನ ತಂದೆ ಜಮಖಂಡಿಗೆ ಹೊರಟಿದ್ದಾಗ ಕಾದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಗಾಲಿ ಒಮ್ಮೆಲೇ ನಿಂತಿತು. ಬಿದ್ದ ರಭಸಕ್ಕೆ ಅವರ ಬಲಗೈ ಮಣಿಕಟ್ಟು ಮುರಿಯಿತು. ಎರಡು ಪವರ್‌ಲೂಮ್ ಇಟ್ಟುಕೊಂಡವರಿಗೆ ಕೈಯ ಕೆಲಸವೆಂದರೆ ಕಡಿದ ಎಳೆಯನ್ನು ಕಟ್ಟುವುದೇ. ಮೂರು ತಿಂಗಳು ಆ ಗಂಟು ಹಾಕಲು ಅವರ ಬೆರಳು ಬಾಗಲಿಲ್ಲ. ನಮ್ಮ ತಾಯಿ ರಾತ್ರಿ ಹಗಲು ಮಗ್ಗದ ಮುಂದೆ ನಿಂತರು. ತಂದೆ ನನ್ನನ್ನು ಬಯ್ಯಲಿಲ್ಲ. “ಮೊದಲ ಹೆಂಗಿತ್ತೋ ಹಂಗ ಮಾಡಿ ಇಡು” ಎಂದರು, ಅಷ್ಟೇ. ನಾನು ಮಾಡಲಿಲ್ಲ. ಗಾಡಿ ಹಿತ್ತಿಲಿಗೆ ಹೋಯಿತು, ನಾನು ಎಂ.ಎ.ಗೆ ಹೋದೆ. ತಂದೆ ತೀರಿಕೊಂಡು ಈಗ ಆರು ವರ್ಷ.

ಕಳೆದ ಬೇಸಗೆಯಲ್ಲಿ, ಪಾಲಿಟೆಕ್ನಿಕ್ ಓದುವ ಅಣ್ಣನ ಮಗ ಗಾಡಿಯನ್ನು ಹೊರಗೆಳೆದನು. “ಕಾಕಾ, ಇದನ್ನ ಎಬ್ಬಸೂಣ್ರಿ. ದೊಡ್ಡ ಕಾರ್ಬುರೇಟರ್ ಹಾಕಿ, ಪೋರ್ಟಿಂಗ್ ಮಾಡಸೂಣು” ಎಂದ. ನನಗೆ ಎದೆ ಧಸಕ್ಕೆಂದಿತು. “ಅದನ್ನ ನಾ ಮಾಡಿಸಿ ಬಿಟ್ಟೇನಪಾ” ಎಂದು ಎಲ್ಲವನ್ನೂ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನೆ ಕುಳಿತು, “ಹಂಗಾರ ಮುತ್ಯಾ ಹೇಳಿದಂಗ ಮಾಡೂಣ್ರಿ” ಎಂದ.

ಹೇಳಿದಷ್ಟು ಸುಲಭವಲ್ಲ ಅದು. ತುಕ್ಕು ಉಜ್ಜಬಹುದು, ಬಣ್ಣ ಹಚ್ಚಬಹುದು. ಸಿಲಿಂಡರು ಸವೆದರೆ ಕಾಲು ಮಿಲಿಮೀಟರಿನಷ್ಟು ಬೋರ್ ಮಾಡಿಸಿ ಅಷ್ಟೇ ದೊಡ್ಡ ಪಿಸ್ಟನ್ ಹಾಕಬಹುದು. ಅರದಿಂದ ಉಜ್ಜಿ ತೆಗೆದ ಲೋಹವನ್ನು ಮಾತ್ರ ಮತ್ತೆ ತುಂಬಲಾಗದು. ಓಲೆಗರಿ ಓದುವ ನಮಗೆ ಈ ಕಷ್ಟ ಹೊಸದಲ್ಲ. ಪ್ರತಿಕಾರನು ಅಂಚಿನಲ್ಲಿ ತನ್ನ ಮಾತು ಬರೆದಿದ್ದರೆ ಬೇರ್ಪಡಿಸಬಹುದು. ಮೂಲದ ಅಕ್ಷರವನ್ನೇ ಹೆರೆದು ತನ್ನದನ್ನು ಬರೆದಿದ್ದರೆ ಇನ್ನೊಂದು ಪ್ರತಿಯನ್ನೇ ಹುಡುಕಬೇಕು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ವರ್ಷ ವರ್ಷ ಪಾಠ ಹೇಳುವ ನಾನು ಬೆಳಗಾವಿಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಉಜ್ಜದ ಸಿಲಿಂಡರಿಗಾಗಿ ಅಲೆದೆ. ನಾಲ್ಕನೆಯ ಸಲಕ್ಕೆ ಸಿಕ್ಕಿತು.

ಹೀಗೆ ಅಲೆಯುವವರು ನಾವಷ್ಟೇ ಅಲ್ಲ. 1969ರಲ್ಲಿ ಬಂದ ನಿಸ್ಸಾನಿನ ಝಡ್ ಕಾರನ್ನು, ಸುಮಾರು ಮೂವತ್ತು ವರ್ಷಗಳ ನಂತರ, ಅಮೆರಿಕದಲ್ಲಿ ಆ ಕಂಪನಿಯೇ ಹಳೆಯವನ್ನು ಕೊಂಡು, ಪೂರ್ತಿ ಬಿಚ್ಚಿ, ಮೊದಲಿನಂತೆ ಕಟ್ಟಿ ಮಾರಿತು. ಮಜ್ದಾ ಕಂಪನಿ 2017ರಲ್ಲಿ ತನ್ನ ಮೊದಲ ರೋಡ್‌ಸ್ಟರ್ ಕಾರುಗಳನ್ನು ಮರಳಿ ಪಡೆದು ಸರಿಪಡಿಸಿಕೊಡಲು ಮುಂದಾಯಿತು. ನಮ್ಮ ಕಾನೂನೂ ಮೂಲದ ಪರವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರು ನಿಗದಿಪಡಿಸಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. 2021ರ ನಿಯಮದಂತೆ, 50 ವರ್ಷ ದಾಟಿ, ಚೌಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ಗಾಡಿಗೆ ‘ವಿಂಟೇಜ್’ ಎಂಬ ಮಾನ್ಯತೆಯುಂಟು. ನಮ್ಮ ಗಾಡಿಗೆ ಆ ಯೋಗ 2039ಕ್ಕೆ.

ಹಾಗೆಂದು ಬದಲಾವಣೆಯೇ ಕೂಡದೆಂದು ನಾನು ಹೇಳಲಾರೆ. ನಮ್ಮ ರಬಕವಿಯಲ್ಲಿ ಕುಣಿಮಗ್ಗ ಪವರ್‌ಲೂಮಿಗೆ ದಾರಿ ಬಿಟ್ಟಿತು. ಸಾಂಗಲಿ ಸಂಸ್ಥಾನದ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಕನ್ನಡ ನಾಡಿಗೂ ಸೇರಿತು. ಬದಲಾಗದೆ ಉಳಿದದ್ದು ಯಾವುದು? ಹುಡುಗನೊಡನೆ ನಾನು ಮಾಡಿಕೊಂಡ ಕರಾರು ಇಷ್ಟೇ: ಬೋಲ್ಟು ಬಿಚ್ಚಿದರೆ ಹಿಂದಿನದು ಮರಳಿ ಬರುವಂತಿರಬೇಕು, ಮಾಡಿದ್ದನ್ನು ಬರೆದಿಡಬೇಕು. ಅವನು ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ಪ್ರತಿ ತಿರುಪಿನ ಲೆಕ್ಕ ಬರೆದಿದ್ದಾನೆ. ಹೊಸ ಟೈರು, ಹಿತವಾದ ಸೀಟು, ಇವೆರಡೇ ಅವನ ಸೇರ್ಪಡೆ. ಸೈಲೆನ್ಸರು ಹಳೆಯದೇ.

ದಸರೆಯ ಆಯುಧಪೂಜೆಯ ದಿನ ಮೂರನೆಯ ಕಿಕ್ಕಿಗೆ ಗಾಡಿ ಎದ್ದಿತು. ಮಗ್ಗ ನಿಲ್ಲಿಸಿ ನಮ್ಮ ತಾಯಿ ಹೊರಗೆ ಬಂದರು. ಸ್ವಲ್ಪ ಹೊತ್ತು ಕೇಳಿ, “ಈಗ ಅದರದಾ ಸಪ್ಪಳ ಬಂತ ನೋಡು” ಎಂದರು. ನಾನು ಉಜ್ಜಿಸಿದ ಆ ಸಿಲಿಂಡರನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ. ತಂದೆಯ ಹಳೆಯ ಲಾಳಿಯ ಪಕ್ಕದಲ್ಲಿ, ಇಸವಿ ಬರೆದ ಚೀಟಿ ಕಟ್ಟಿ, ಮಾಡದ ಮೇಲೆ ಇಟ್ಟಿದ್ದೇನೆ.